ಮಳೆಗಾಲದಲ್ಲಿ ಗುಂಪು ಕರೆದುಕೊಂಡು ಘಟ್ಟ ಇಳಿಯುವುದು: ಪ್ರವಾಸ ವ್ಯವಸ್ಥಾಪಕರಿಗೆ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಹಿರಿಯರ ಗುಂಪೊಂದನ್ನು ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಸುತ್ತಿಸಿಕೊಂಡು ಬರುವ ಐದು ದಿನದ ಪ್ರವಾಸವನ್ನು ಕಾಗದದ ಮೇಲೆ ಬರೆಯಲು ಅರ್ಧ ಗಂಟೆ ಸಾಕು. ಆದರೆ ಬರೆದಂತೆಯೇ ಎಲ್ಲವೂ ನಡೆಯಬೇಕಾದರೆ ಶಿರಾಡಿ ಘಟ್ಟದಲ್ಲಿ ಗುಡ್ಡ ಜರಿಯಬಾರದು, ಕುಮಾರಧಾರೆ ಸ್ನಾನಘಟ್ಟದ ಮೆಟ್ಟಿಲು ಮುಳುಗಬಾರದು, ಜಿಲ್ಲಾಧಿಕಾರಿಗಳ ಕಚೇರಿಯಿಂದ ಸಂಚಾರ ನಿರ್ಬಂಧದ ಆದೇಶ ಬರಬಾರದು, ಗುಂಪಿನಲ್ಲಿ ಯಾರಿಗೂ ಜ್ವರ ಬರಬಾರದು. ಇವೆಲ್ಲ ಒಟ್ಟಿಗೆ ಕೂಡಿಬರುವ ಮಳೆಗಾಲ ಅಪರೂಪ.

ಹಾಗೆಂದು ಯೋಜನೆಯೇ ಬೇಡ, ಹೋಗುತ್ತಾ ನೋಡಿಕೊಳ್ಳೋಣ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಎಪ್ಪತ್ತು ದಾಟಿದವರನ್ನು, ಸಕ್ಕರೆ ಕಾಯಿಲೆ ಇರುವವರನ್ನು, ಹರಕೆ ಹೊತ್ತು ಬಂದವರನ್ನು ಹೋಗುತ್ತಾ ನೋಡಿಕೊಳ್ಳಲು ಆಗುವುದಿಲ್ಲ. ವ್ಯವಸ್ಥಾಪಕರು ಹೊರಡುವ ಮೊದಲೇ ಮೂರು ವಿಷಯ ತೀರ್ಮಾನಿಸಿಕೊಂಡಿರಬೇಕು: ಪ್ರವಾಸದಲ್ಲಿ ಯಾವುದನ್ನು ಕದಲಿಸಬಾರದು, ಯಾವುದನ್ನು ಕದಲಿಸಬಹುದು, ಕದಲಿಸಬೇಕಾದಾಗ ಎಲ್ಲಿ ನಿಂತು, ಎಷ್ಟು ಗಂಟೆಯೊಳಗೆ, ಯಾರು ಹೇಳಬೇಕು. ಇವು ಸ್ಪಷ್ಟವಾಗಿದ್ದರೆ ದಾರಿ ಬದಲಾದರೂ ಪ್ರವಾಸ ಕೆಡುವುದಿಲ್ಲ. ಇಲ್ಲಿರುವ ಉದಾಹರಣೆಗಳು ಕರಾವಳಿಯ ಯಾತ್ರೆಯವು. ಕ್ರಮ ಮಾತ್ರ ಎಲ್ಲ ಗುಂಪು ಪ್ರವಾಸಕ್ಕೂ ಒಂದೇ.

ಮೊದಲ ಹೆಜ್ಜೆ: ಯಾರು ಯಾತಕ್ಕೆ ಬರುತ್ತಿದ್ದಾರೆ ಎಂದು ಕೇಳಿ

ಮುಂಗಡ ಹಣ ತೆಗೆದುಕೊಳ್ಳುವಾಗ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ ಬರೆದುಕೊಂಡು ಸುಮ್ಮನಾಗುವವರೇ ಹೆಚ್ಚು. ಇನ್ನೊಂದು ಪ್ರಶ್ನೆ ಸೇರಿಸಿ: "ಈ ಪ್ರವಾಸದಲ್ಲಿ ಯಾವುದು ತಪ್ಪಿದರೆ ನಿಮಗೆ ಬಂದದ್ದೇ ವ್ಯರ್ಥ ಅನಿಸುತ್ತದೆ?" ಒಬ್ಬರು ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಎನ್ನುತ್ತಾರೆ. ಇನ್ನೊಬ್ಬರು ಮೊಮ್ಮಗನ ತುಲಾಭಾರ ಎನ್ನುತ್ತಾರೆ. ಮತ್ತೊಬ್ಬರಿಗೆ ಕನಕನ ಕಿಂಡಿಯಲ್ಲಿ ಕೃಷ್ಣನನ್ನು ಒಮ್ಮೆ ನೋಡಿದರೆ ಸಾಕು. ಉಳಿದ ಹೆಚ್ಚಿನವರಿಗೆ ಎಲ್ಲವೂ ಸರಿಯೇ, ಜೊತೆ ಮುಖ್ಯ.

ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದರೆ ಕದಲಿಸಬಾರದ ಸಂಗತಿಗಳು ಎರಡೋ ಮೂರೋ ಮಾತ್ರ ಎಂದು ಗೊತ್ತಾಗುತ್ತದೆ. ದಿನ ನಿಗದಿಯಾಗಿ ರಸೀದಿ ಆಗಿರುವ ಸೇವೆಗಳು ಮೊದಲ ಸಾಲಿನವು. ಸರ್ಪಸಂಸ್ಕಾರದಂತಹ ಸೇವೆಗೆ ಎರಡು ದಿನ ಬೇಕು, ಬಹಳ ಮುಂಚೆಯೇ ಕಾಯ್ದಿರಿಸಿರಬೇಕು. ಅದನ್ನು ಹೊತ್ತವರನ್ನು ಐದು ದಿನದ ಗುಂಪಿಗೆ ಸೇರಿಸಿಕೊಳ್ಳಬೇಡಿ; ಪ್ರತ್ಯೇಕವಾಗಿ ಹೋಗಿಬರುವಂತೆ ವ್ಯವಸ್ಥೆ ಮಾಡಿಕೊಡಿ. ಒಬ್ಬರ ಎರಡು ದಿನಕ್ಕೆ ಇಡೀ ಗುಂಪನ್ನು ಕಟ್ಟಿಹಾಕಿದರೆ ಆಮೇಲೆ ಯಾವ ಬದಲಾವಣೆಗೂ ಜಾಗ ಉಳಿಯುವುದಿಲ್ಲ.

ನಾಗರ ಪಂಚಮಿಯ ಆಸುಪಾಸು ಕುಕ್ಕೆಗೆ ಗುಂಪು ಕರೆದೊಯ್ಯಬೇಡಿ. ವಾರಾಂತ್ಯವನ್ನೂ ತಪ್ಪಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಶನಿವಾರ, ಭಾನುವಾರಗಳಲ್ಲಿ ಧರ್ಮಸ್ಥಳದ ಸಾಲು ಹೇಗಿರುತ್ತದೆ ಎಂದು ಕಂಡವರಿಗೆ ಗೊತ್ತು. ಮಂಗಳವಾರ ಹೊರಟು ಶನಿವಾರ ರಾತ್ರಿಯೊಳಗೆ ಮನೆ ಸೇರುವ ಪ್ರವಾಸಕ್ಕೆ ಭಾನುವಾರವೆಂಬ ಒಂದು ದಿನ ಹಿಂದೆ ಮೀಸಲಾಗಿರುತ್ತದೆ. ಎಲ್ಲಿಯಾದರೂ ಒಂದು ರಾತ್ರಿ ಹೆಚ್ಚು ತಂಗಬೇಕಾಗಿ ಬಂದರೆ ಯಾರ ಮನೆಯ ಕಾರ್ಯಕ್ರಮವೂ ಕೆಡುವುದಿಲ್ಲ.

ಎರಡನೆಯ ಹೆಜ್ಜೆ: ದಾರಿ ನೋಡಿ ವಾಹನ ಗೊತ್ತುಮಾಡಿ

ಇದು ಮೇಲುನೋಟಕ್ಕೆ ಲೆಕ್ಕದ ವಿಷಯ. ನಲವತ್ತು ಜನಕ್ಕೆ ಒಂದು ದೊಡ್ಡ ಬಸ್ಸು ಅಗ್ಗ, ಎರಡು ಮಿನಿ ಬಸ್ಸು ದುಬಾರಿ. ಆದರೆ ಮಳೆಗಾಲದಲ್ಲಿ ಉದ್ದನೆಯ ಬಸ್ಸು ಹತ್ತಿದ ದಿನವೇ ನಿಮ್ಮ ಅರ್ಧ ದಾರಿಗಳು ಮುಚ್ಚಿಹೋದಂತೆ. ಆಗುಂಬೆಯ ತಿರುವುಗಳಿಗೆ ದೊಡ್ಡ ವಾಹನ ಹೊಂದುವುದಿಲ್ಲ, ಮಳೆಗಾಲದಲ್ಲಿ ಭಾರೀ ವಾಹನಗಳನ್ನು ಅಲ್ಲಿ ನಿರ್ಬಂಧಿಸುವುದು ರೂಢಿ. ಚಾರ್ಮಾಡಿಯಲ್ಲಿಯೂ ಉದ್ದನೆಯ ಐಷಾರಾಮಿ ಬಸ್ಸುಗಳಿಗೆ ತಡೆ ಬೀಳುತ್ತದೆ. ಎರಡು ಮಿನಿ ಬಸ್ಸುಗಳಿದ್ದರೆ ಈ ದಾರಿಗಳು ಕೈಯಲ್ಲಿರುತ್ತವೆ. ಒಂದು ಕೆಟ್ಟು ನಿಂತರೆ ಇನ್ನೊಂದರಲ್ಲಿ ವಯಸ್ಸಾದವರನ್ನು ಮುಂದಕ್ಕೆ ಕಳುಹಿಸಬಹುದು. ಸೇವೆ ಇರುವವರನ್ನು ಒಂದರಲ್ಲಿ ಮುಂಚೆ ಹೊರಡಿಸಿ ಉಳಿದವರನ್ನು ನಿಧಾನವಾಗಿ ಕರೆತರಬಹುದು. ಹೆಚ್ಚಾಗುವ ಬಾಡಿಗೆಯನ್ನು ಯಾತ್ರಿಕರ ಶುಲ್ಕದಲ್ಲಿ ಸೇರಿಸಿ, ಕಾರಣವನ್ನು ಬಿಡಿಸಿ ಹೇಳಿ. ಅರ್ಥವಾದವರು ಕೊಡುತ್ತಾರೆ.

ಚಾಲಕರ ಆಯ್ಕೆಯಲ್ಲಿ ರಾಜಿ ಬೇಡ. ಘಟ್ಟದಲ್ಲಿ ಮಳೆಗಾಲ ಕಂಡವರೇ ಬೇಕು. ಕಾನೂನಿನ ಪ್ರಕಾರ ಚಾಲಕರ ದಿನದ ಕೆಲಸ ಎಂಟು ಗಂಟೆ. ದಾರಿ ಸುತ್ತುಬಳಸಾದ ದಿನ ಇದನ್ನು ಎಲ್ಲರೂ ಮರೆಯುತ್ತಾರೆ, ವ್ಯವಸ್ಥಾಪಕರು ಮರೆಯಬಾರದು. "ಈ ಹೊತ್ತಿನಲ್ಲಿ ಇಳಿಸುವುದಿಲ್ಲ" ಎಂದು ಚಾಲಕರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಯಾತ್ರಿಕರ ಒತ್ತಾಯ, ನಿಮ್ಮ ಒತ್ತಾಯ ಎರಡೂ ಅದರ ಮೇಲೆ ನಡೆಯಕೂಡದು.

ಮೂರನೆಯ ಹೆಜ್ಜೆ: ಪರ್ಯಾಯ ದಾರಿ ನಿಜವಾಗಿಯೂ ಪರ್ಯಾಯವೇ ಎಂದು ಪರೀಕ್ಷಿಸಿ

ಎಲ್ಲರೂ ಇಲ್ಲೇ ಎಡವುವುದು. ಶಿರಾಡಿ ಮುಚ್ಚಿದರೆ ಸಂಪಾಜೆ, ಸಂಪಾಜೆ ಮುಚ್ಚಿದರೆ ಚಾರ್ಮಾಡಿ ಎಂದು ಬರೆದುಕೊಂಡು ನಿಶ್ಚಿಂತರಾಗುತ್ತಾರೆ. 2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66 ಅಂಕೋಲಾ, ಕುಮಟಾ ನಡುವೆ ದಿನಗಟ್ಟಲೆ ಮುಚ್ಚಿತು. ಅದೇ ತಿಂಗಳಲ್ಲಿ ಶಿರಾಡಿ ದಾರಿಯ ದೊಡ್ಡತಪ್ಪಲೆ ಬಳಿ ಮಣ್ಣು ಕುಸಿಯಿತು. ಮಡಿಕೇರಿ, ಸಂಪಾಜೆ ನಡುವೆ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ತಿಂಗಳ ಕೊನೆಗೆ ಕಡಗರವಳ್ಳಿ, ಎಡಕುಮೇರಿ ನಿಲ್ದಾಣಗಳ ನಡುವೆ ಹಳಿಯ ಬುಡದ ಮಣ್ಣು ಜರಿದು ಬೆಂಗಳೂರು–ಮಂಗಳೂರು ರೈಲುಗಳೂ ನಿಂತವು. ಹೆದ್ದಾರಿ, ಬದಲಿ ಹೆದ್ದಾರಿ, ರೈಲು ಮೂರಕ್ಕೂ ಪೆಟ್ಟು ಕೊಟ್ಟದ್ದು ಒಂದೇ ಮಳೆ. ಒಂದೇ ಮಳೆಗೆ ಸಿಗುವ ಎರಡು ದಾರಿಗಳು ಒಂದಕ್ಕೊಂದು ಪರ್ಯಾಯವಲ್ಲ.

ಆದ್ದರಿಂದ ಎರಡು ಬಗೆಯ ಪರ್ಯಾಯ ಬರೆದಿಟ್ಟುಕೊಳ್ಳಿ. ಮೊದಲನೆಯದು ದಾರಿಯ ಪರ್ಯಾಯ: ಒಂದು ಘಟ್ಟದಲ್ಲಿ ಮಾತ್ರ ತೊಂದರೆಯಾದಾಗ ಇನ್ನೊಂದರಿಂದ ಇಳಿಯುವುದು. ಎರಡನೆಯದು ಊರಿನ ಪರ್ಯಾಯ: ಘಟ್ಟವನ್ನೇ ಇಳಿಯದೆ ಮೇಲೆಯೇ ಪ್ರವಾಸ ಮುಂದುವರಿಸುವುದು. ಹಾಸನದಿಂದ ಬೇಲೂರು ಸುಮಾರು ನಲವತ್ತು ಕಿಲೋಮೀಟರ್, ಹಳೇಬೀಡು ಮೂವತ್ತರ ಆಸುಪಾಸು, ಶ್ರವಣಬೆಳಗೊಳ ಐವತ್ತು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಒಳ್ಳೆಯ ಮಾರ್ಗದರ್ಶಕರೊಬ್ಬರನ್ನು ಗೊತ್ತು ಮಾಡಿದರೆ ಚೆನ್ನಕೇಶವನ ಗುಡಿಯಲ್ಲಿ ಅರ್ಧ ದಿನ ಕಳೆದದ್ದೇ ಗೊತ್ತಾಗುವುದಿಲ್ಲ. ಇದನ್ನು ಸಮಾಧಾನದ ಬಹುಮಾನವೆಂಬಂತೆ ಕೊಡಬೇಡಿ; ಮೊದಲೇ ಯೋಚಿಸಿ, ಊಟದ ಜಾಗ ಸಹಿತ ಸಿದ್ಧಪಡಿಸಿದ ಒಂದು ದಿನವಾಗಿ ಇಟ್ಟುಕೊಂಡಿರಿ.

ಮೊಬೈಲ್ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಶಿರಾಡಿ ನಿಂತಾಗ ಅದು ಬಿಸಿಲೆ ಘಟ್ಟದ ದಾರಿ ತೋರಿಸಬಹುದು. ಕುಕ್ಕೆಗೆ ಹತ್ತಿರವೂ ಹೌದು. ಆದರೆ ಕಿರಿದಾದ ಕಾಡುದಾರಿ, ಮರ ಅಡ್ಡ ಬಿದ್ದರೆ ಹಿಂದಕ್ಕೆ ತಿರುಗಿಸಲು ಜಾಗವಿಲ್ಲ, ಮೊಬೈಲ್ ಸಂಪರ್ಕ ಸಿಗದ ಉದ್ದನೆಯ ಭಾಗವಿದೆ. ಹಿರಿಯರ ಗುಂಪಿಗೆ ಅದು ದಾರಿಯೇ ಅಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿಗೂ ರಾತ್ರಿ ನಿರ್ಬಂಧವಿದೆ.

ನಾಲ್ಕನೆಯ ಹೆಜ್ಜೆ: ತೀರ್ಮಾನದ ಜಾಗ ಮತ್ತು ಗಂಟೆ ನಿಗದಿಪಡಿಸಿ

ಬದಲಾವಣೆ ತಾನಾಗಿ ಪ್ರವಾಸವನ್ನು ಕೆಡಿಸುವುದು ಕಡಿಮೆ. ಅದನ್ನು ತಡವಾಗಿ ಒಪ್ಪಿಕೊಂಡಾಗ ಕೆಡುತ್ತದೆ. ಶಿರಾಡಿ ದಾರಿಯ ಮಾರನಹಳ್ಳಿ ದಾಟಿ ಘಟ್ಟದೊಳಗೆ ಹೋದ ಮೇಲೆ "ಮುಂದೆ ಮಣ್ಣು ಬಿದ್ದಿದೆ" ಎಂದು ತಿಳಿದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹಿಂದೆ ಲಾರಿಗಳ ಸಾಲು, ಮುಂದೆ ಜೆಸಿಬಿ.

ಆದ್ದರಿಂದ ಪ್ರತಿ ದಿನದ ದಾರಿಯಲ್ಲಿ "ಇದನ್ನು ದಾಟಿದರೆ ಬದಲಿಸಲಾಗದು" ಎನ್ನುವ ಜಾಗಗಳನ್ನು ಗುರುತಿಸಿ. ಬೆಂಗಳೂರಿನಿಂದ ಹೊರಡುವ ಮೊದಲ ದಿನಕ್ಕೆ ಅವು ಮೂರು.

ಮೊದಲನೆಯದು ಹೊರಡುವ ಹಿಂದಿನ ಸಂಜೆ, ಮನೆಯಲ್ಲೇ. ಸಂಪಾಜೆ ಮೂಲಕ ಇಳಿಯುವುದಾದರೆ ಮೈಸೂರು ರಸ್ತೆ ಹಿಡಿಯಬೇಕು, ಶಿರಾಡಿಯಾದರೆ ನೆಲಮಂಗಲ. ಈ ತೀರ್ಮಾನ ಬೆಳಗ್ಗೆ ಬಸ್ಸು ಹತ್ತಿದ ಮೇಲೆ ಆಗುವಂಥದ್ದಲ್ಲ. ಎರಡನೆಯದು ಹಾಸನ: ಇಲ್ಲಿಂದ ಸಕಲೇಶಪುರದ ಕಡೆ ಹೋದರೆ ಶಿರಾಡಿ; ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೋದರೆ ಚಾರ್ಮಾಡಿ; ನಿಂತರೆ ಹೊಯ್ಸಳರ ನಾಡು. ಮೂರನೆಯದು ಸಕಲೇಶಪುರ ಅಥವಾ ಕೊಟ್ಟಿಗೆಹಾರ. ಅಲ್ಲಿ ನೀರುದೋಸೆ ತಿನ್ನುವಷ್ಟು ಹೊತ್ತಿನಲ್ಲಿ ಕೊನೆಯ ವಿಚಾರಣೆ ಮುಗಿಯಬೇಕು. ನಂತರ ಮನಸ್ಸು ಬದಲಿಸುವುದಿಲ್ಲ.

ಹಾಸನದ ನಿಲುಗಡೆಯಲ್ಲಿ ಏನು ಮಾಡಬೇಕೆಂದು ಬಿಡಿಸಿ ಹೇಳುತ್ತೇನೆ. ಬೆಳಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟರೆ ತಿಂಡಿಗೆ ನಿಂತು ಹಾಸನ ತಲುಪುವಾಗ ಹತ್ತು ಗಂಟೆಯ ಆಸುಪಾಸು. ಎಲ್ಲರೂ ಕಾಫಿಗೆ ಇಳಿಯುತ್ತಾರೆ. ನೀವು ಕಾಫಿ ಲೋಟ ಹಿಡಿದುಕೊಂಡೇ ನಾಲ್ಕು ಕೆಲಸ ಮಾಡಿ. ಹವಾಮಾನ ಇಲಾಖೆಯ ಆ ದಿನದ ಎಚ್ಚರಿಕೆ ನೋಡಿ, ಹಾಸನಕ್ಕೂ ದಕ್ಷಿಣ ಕನ್ನಡಕ್ಕೂ ಬೇರೆ ಬೇರೆಯಾಗಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವಿವರದಲ್ಲಿ ಸಕಲೇಶಪುರದ ಹಿಂದಿನ ಎರಡು ಮೂರು ದಿನದ ಮಳೆ ನೋಡಿ. ಇವತ್ತಿನ ತುಂತುರಿಗಿಂತ ನೀರು ಕುಡಿದು ನೆನೆದ ಗುಡ್ಡ ಅಪಾಯಕಾರಿ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ ಸಂಚಾರ ನಿರ್ಬಂಧ ಇದೆಯೇ ಎಂದು ಕೇಳಿ. ಕೊನೆಯದಾಗಿ, ಆ ದಿನ ಬೆಳಗ್ಗೆ ಘಟ್ಟ ಹತ್ತಿ ಬಂದ ಒಬ್ಬರನ್ನು ಹುಡುಕಿ. ಮಂಗಳೂರಿನಿಂದ ಬಂದ ಮೀನಿನ ಲಾರಿಯವರೋ ಕೆಎಸ್‌ಆರ್‌ಟಿಸಿ ಚಾಲಕರೋ ಯಾರಾದರೂ ಹಾಸನದಲ್ಲಿ ಸಿಕ್ಕೇ ಸಿಗುತ್ತಾರೆ. "ಅಣ್ಣಾ, ಗುಂಡ್ಯದಿಂದ ಮೇಲೆ ಎಲ್ಲಾದರೂ ಒಂದೇ ಬದಿ ಬಿಡುತ್ತಿದ್ದಾರಾ? ನೀರು ಕೆಂಪಾಗಿ ಇಳಿಯುತ್ತಿದೆಯಾ?" ಎಂದು ಕೇಳಿ (ಗುಂಡ್ಯ ಶಿರಾಡಿ ಘಟ್ಟದ ಬುಡದಲ್ಲಿರುವ ಊರು). ಗುಡ್ಡದಿಂದ ಕೆಂಪು ನೀರು ಇಳಿಯುತ್ತಿದೆ ಎಂದರೆ ಮಣ್ಣು ಕರಗುತ್ತಿದೆ ಎಂದರ್ಥ. ಈ ಉತ್ತರ ಯಾವ ಜಾಲತಾಣದಲ್ಲೂ ಇಷ್ಟು ಬೇಗ ಸಿಗುವುದಿಲ್ಲ.

ಎಚ್ಚರಿಕೆಯ ಬಣ್ಣಗಳಿಗೆ ನಿಯಮವನ್ನು ಮೊದಲೇ ಬರೆದಿಡಿ. ಇಪ್ಪತ್ತನಾಲ್ಕು ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ನಿರೀಕ್ಷೆ ಇದ್ದರೆ ಸಾಮಾನ್ಯವಾಗಿ ಹಳದಿ, 204.4ರವರೆಗೆ ಕಿತ್ತಳೆ, ಅದನ್ನು ಮೀರಿದರೆ ಕೆಂಪು. ನನ್ನ ಸಲಹೆ ಸರಳ. ಹಳದಿಗೆ ಹಗಲಿನಲ್ಲೇ ಇಳಿಯಿರಿ. ಕಿತ್ತಳೆಗೆ ಹಾಸನದ ನಾಲ್ಕೂ ವಿಚಾರಣೆ ಸರಿಬಂದರೆ ಮಾತ್ರ, ಮಧ್ಯಾಹ್ನ ಎರಡರೊಳಗೆ ಗುಂಡ್ಯ ತಲುಪುವಂತಿದ್ದರೆ ಮಾತ್ರ. ಕೆಂಪಿಗೆ ಇಳಿಯಬೇಡಿ; ದಾರಿ ತೆರೆದಿದ್ದರೂ, ರಸೀದಿ ಆಗಿದ್ದರೂ. ಈ ನಿಯಮವನ್ನು ಮನೆಯಲ್ಲಿ ತಣ್ಣನೆಯ ತಲೆಯಲ್ಲಿ ಬರೆದಿರಬೇಕು, ಏಕೆಂದರೆ ಹಾಸನದಲ್ಲಿ ನಲವತ್ತು ಮುಖಗಳು ನಿಮ್ಮನ್ನೇ ನೋಡುತ್ತಿರುತ್ತವೆ.

ತೀರ್ಮಾನ ಹೇಳುವವರು ಒಬ್ಬರೇ ಇರಲಿ. ಯಾತ್ರಿಕರಲ್ಲಿ ಕೈ ಎತ್ತಿಸಿ ಕೇಳುವುದು ನೋಡಲು ಚೆಂದ. ಆದರೆ ಅದರಿಂದ ಗುಂಪು ಎರಡಾಗುತ್ತದೆ, ಸೋತವರು ಉಳಿದ ನಾಲ್ಕು ದಿನ ಮುನಿಸಿಕೊಂಡಿರುತ್ತಾರೆ.

ಐದನೆಯ ಹೆಜ್ಜೆ: ದಿನಚರಿಯಲ್ಲಿ ಬಿಡುವು ಇಡಿ

ದಿನಕ್ಕೆ ಒಂದೇ ಮುಖ್ಯ ದರ್ಶನ. ಕತ್ತಲಾಗುವ ಮೊದಲು ವಸತಿ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರುಗಳಲ್ಲಿ ಅನ್ನದಾನವಿರುವುದು ವ್ಯವಸ್ಥಾಪಕರಿಗೆ ದೊಡ್ಡ ನೆಮ್ಮದಿ. ಆದರೂ ಬಸ್ಸಿನಲ್ಲಿ ಅವಲಕ್ಕಿ, ಬಿಸ್ಕತ್ತು, ಬಾಳೆಹಣ್ಣು, ಕುಡಿಯುವ ನೀರು ಒಂದು ಹೊತ್ತಿಗೆ ಆಗುವಷ್ಟು ಇರಲೇಬೇಕು. ಸಕ್ಕರೆ ಕಾಯಿಲೆಯವರು ಅನ್ನದಾನದ ಸಾಲು ಮುಗಿಯುವವರೆಗೆ ಕಾಯಲಾರರು.

ಸಮುದ್ರದ ವಿಷಯದಲ್ಲಿ ಸಡಿಲಿಕೆಯ ಮಾತೇ ಇಲ್ಲ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ, ಮುರುಡೇಶ್ವರ, ಗೋಕರ್ಣಗಳಲ್ಲಿ ನೀರಿಗೆ ಇಳಿಯಕೂಡದು. ಇದನ್ನು ಮುಂಗಡ ತೆಗೆದುಕೊಳ್ಳುವ ದಿನವೇ ಹೇಳಿ. ಕುಮಾರಧಾರೆ, ನೇತ್ರಾವತಿಯ ಸ್ನಾನಕ್ಕೂ ಇದೇ ಮಾತು: ನದಿ ತುಂಬಿ ಹರಿಯುತ್ತಿದ್ದರೆ ದಡದಲ್ಲಿ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು.

ಆರನೆಯ ಹೆಜ್ಜೆ: ಹಣ, ವಸತಿ, ಔಷಧ

ಒಟ್ಟು ಶುಲ್ಕದಲ್ಲಿ ಹತ್ತನೇ ಒಂದು ಭಾಗವನ್ನು ಮುಟ್ಟದೆ ತೆಗೆದಿಡಿ. ಒಂದು ರಾತ್ರಿ ಹೆಚ್ಚು ತಂಗಲು, ಸುತ್ತುದಾರಿಯ ಡೀಸೆಲ್‌ಗೆ, ಯಾರನ್ನಾದರೂ ಮಂಗಳೂರಿನಿಂದ ಮನೆಗೆ ಕಳುಹಿಸಲು ಅದು ಬೇಕಾಗುತ್ತದೆ. ಉಳಿದರೆ ಹಂಚಿಬಿಡಿ. ಸಂಪರ್ಕ ಸಿಗದ ಕಡೆ ಮೊಬೈಲ್ ಪಾವತಿ ನಡೆಯುವುದಿಲ್ಲವಾದ್ದರಿಂದ ಸ್ವಲ್ಪ ನಗದೂ ಇರಲಿ.

ವಸತಿಗೃಹದವರ ಜೊತೆ ಮಾತಾಡುವಾಗ ದರ ಚೌಕಾಸಿ ಮಾಡುವುದಕ್ಕಿಂತ ಒಂದು ಷರತ್ತು ಕೇಳಿ: "ಘಟ್ಟ ಮುಚ್ಚಿದರೆ ಮುಂಗಡವನ್ನು ಮುಂದಿನ ದಿನಕ್ಕೆ ಹಾಕಿಕೊಳ್ಳುತ್ತೀರಾ?" ಮಳೆಗಾಲದಲ್ಲಿ ಬಹಳ ಮಂದಿ ಒಪ್ಪುತ್ತಾರೆ, ಅವರಿಗೂ ಗಿರಾಕಿ ಕಡಿಮೆ ಇರುವ ಕಾಲ. ಹಾಸನದಲ್ಲಿ ಒಂದು ವಸತಿಗೃಹವನ್ನು ಮುಂಗಡ ಕೊಡದೆ ಮಾತಿನ ಮೇಲೆ ಹಿಡಿದಿಟ್ಟುಕೊಳ್ಳಿ. ಹತ್ತೂವರೆಗೆ ಹೌದೋ ಅಲ್ಲವೋ ಎಂದು ಕರೆ ಮಾಡುವುದಾಗಿ ಹೇಳಿ, ತಪ್ಪದೆ ಮಾಡಿ. ಬೇಡವಾದ ದಿನವೂ ಕರೆ ಮಾಡುವವರಿಗೆ ಮುಂದಿನ ಸಲ ಬೇಕಾದ ದಿನ ಕೋಣೆ ಸಿಗುತ್ತದೆ.

ಔಷಧವನ್ನು ಐದು ದಿನಕ್ಕಲ್ಲ, ಏಳು ದಿನಕ್ಕೆ ತರಲು ಹೇಳಿ. ಅದು ಅವರ ಕೈಚೀಲದಲ್ಲಿರಬೇಕು, ಬಸ್ಸಿನ ಡಿಕ್ಕಿಯಲ್ಲಲ್ಲ. ಯಾರಿಗಾದರೂ ರೈಲು ಟಿಕೆಟ್ ಮಾಡಿಸಿದ್ದು, ಅವರು ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ತಡವಾಗುವುದಾದರೆ, ಆ ರೈಲು ಹತ್ತದೆ, ಅದು ಹೊರಡುವ ಮೊದಲೇ ಟಿಡಿಆರ್ (ಟಿಕೆಟ್ ಹಣ ಮರಳಿ ಕೇಳುವ ಅರ್ಜಿ) ಸಲ್ಲಿಸಿದರೆ ಪೂರ್ತಿ ಹಣ ಮರಳುತ್ತದೆ.

ಏಳನೆಯ ಹೆಜ್ಜೆ: ಬದಲಾವಣೆಯನ್ನು ಹೇಳುವ ರೀತಿ

ತೀರ್ಮಾನ ಎಷ್ಟೇ ಸರಿಯಿದ್ದರೂ ಹೇಳಿದ ರೀತಿ ತಪ್ಪಾದರೆ ಗುಂಪಿನ ನಂಬಿಕೆ ಹೋಗುತ್ತದೆ. ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿ ಕೈತೊಳೆದುಕೊಳ್ಳಬೇಡಿ. ಕನ್ನಡಕ ಚೀಲದಲ್ಲಿಟ್ಟವರು ಅದನ್ನು ಓದುವುದು ಸಂಜೆಗೆ. ಬಸ್ಸು ನಿಲ್ಲಿಸಿ, ಎಲ್ಲರೂ ಕುಳಿತ ಮೇಲೆ ಎದ್ದು ನಿಂತು ಹೇಳಿ. ಮೊದಲು ಏನಾಗಿದೆ, ಆಮೇಲೆ ಏನು ಮಾಡುತ್ತೇವೆ, ಕೊನೆಗೆ ಮುಂದಿನ ಸುದ್ದಿ ಎಷ್ಟು ಗಂಟೆಗೆ.

"ಶಿರಾಡಿಯಲ್ಲಿ ಬೆಳಗಿನ ಜಾವ ಮಣ್ಣು ಬಿದ್ದಿದೆ. ಇವತ್ತು ನಾವು ಇಳಿಯುವುದಿಲ್ಲ. ಈಗ ಬೇಲೂರಿಗೆ ಹೋಗುತ್ತೇವೆ, ರಾತ್ರಿ ಹಾಸನದಲ್ಲೇ ಕೋಣೆ ಸಿದ್ಧವಿದೆ. ನಾಳೆ ಹೇಗೆ ಎಂದು ಸಂಜೆ ಏಳಕ್ಕೆ ಹೇಳುತ್ತೇನೆ." ಇಷ್ಟು ಸಾಕು. "ಇನ್ನೊಂದು ಗಂಟೆಯಲ್ಲಿ ತೆರೆಯಬಹುದು, ನೋಡೋಣ" ಎಂಬ ಮಾತು ಬಾಯಿಂದ ಬರಬಾರದು. ಆ ಒಂದು ಗಂಟೆ ಮುಗಿದಾಗ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಎಲ್ಲರಿಗೂ ಹೇಳುವ ಮೊದಲು, ನಷ್ಟ ಹೆಚ್ಚಾಗುವವರ ಬಳಿ ಹೋಗಿ ಪಕ್ಕದಲ್ಲಿ ಕುಳಿತು ಹೇಳಿ. ಮಾರನೆಯ ದಿನದ ಆಶ್ಲೇಷಾ ಬಲಿಯ ರಸೀದಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿರುವ ತಾಯಿಯೊಬ್ಬರಿದ್ದರೆ ಅವರು ಸುದ್ದಿಯನ್ನು ಮೈಕಿನಲ್ಲಿ ಕೇಳಬಾರದು. "ಅಮ್ಮಾ, ನಾಳೆ ತಲುಪಲು ಆಗದಿದ್ದರೆ ದೇವಸ್ಥಾನದ ಕಚೇರಿಗೆ ನಾನೇ ಕರೆ ಮಾಡಿ ಬೇರೆ ದಿನಕ್ಕೆ ಕೇಳುತ್ತೇನೆ. ಅವರು ಏನು ಹೇಳಿದರೆಂದು ಇವತ್ತೇ ನಿಮಗೆ ತಿಳಿಸುತ್ತೇನೆ" ಎನ್ನಿ. ಅವರು ಕಣ್ಣೀರು ಹಾಕಿದರೆ ಹಾಕಲಿ, ಅವಸರದಲ್ಲಿ ಸಮಾಧಾನ ಹೇಳಬೇಡಿ. ಹರಕೆ ಎನ್ನುವುದು ಅವರಿಗೆ ಪ್ರವಾಸದ ಒಂದು ನಿಲ್ದಾಣವಲ್ಲ. ಕೊಟ್ಟ ಮಾತಿನಂತೆ ಕರೆ ಮಾಡಿ, ಉತ್ತರ ಏನೇ ಇರಲಿ ಅದೇ ಸಂಜೆ ಹೇಳಿ.

ಮನೆಯವರಿಗೂ ಸುದ್ದಿ ಹೋಗಬೇಕು. ಟಿವಿಯಲ್ಲಿ ಗುಡ್ಡ ಕುಸಿದ ದೃಶ್ಯ ಬಂದ ಕೂಡಲೇ ಬೆಂಗಳೂರಿನಲ್ಲಿರುವ ಮಕ್ಕಳು, ಅಮೆರಿಕದಲ್ಲಿರುವ ಮಕ್ಕಳು ಎಲ್ಲರೂ ಕರೆ ಮಾಡತೊಡಗುತ್ತಾರೆ. "ನಾವು ಹಾಸನದಲ್ಲಿದ್ದೇವೆ, ಎಲ್ಲರೂ ಕ್ಷೇಮ" ಎಂಬ ಎರಡು ಸಾಲು ಹತ್ತು ನಿಮಿಷದೊಳಗೆ ಮನೆಯವರ ಗುಂಪಿಗೆ ಮುಟ್ಟಿದರೆ ಉಳಿದ ಕೆಲಸಕ್ಕೆ ನಿಮ್ಮ ಫೋನು ಬಿಡುವಾಗಿರುತ್ತದೆ.

ಎಂಟನೆಯ ಹೆಜ್ಜೆ: ಎಲ್ಲ ಎಚ್ಚರಿಕೆಯ ನಂತರವೂ ಸಿಕ್ಕಿಹಾಕಿಕೊಂಡರೆ

ಗುಡ್ಡದ ಬುಡದಲ್ಲಿ, ತೊರೆಯ ಪಕ್ಕದಲ್ಲಿ ವಾಹನ ನಿಲ್ಲಿಸಬೇಡಿ. ಸ್ವಲ್ಪ ಹಿಂದೆ ಬಂದಾದರೂ ಬಯಲಾದ ಜಾಗ ಹುಡುಕಿ. ಯಾರೂ ಇಳಿದು ಕುಸಿದ ಜಾಗ ನೋಡಲು ಹೋಗಬಾರದು. ಒಮ್ಮೆ ಜರಿದ ಗುಡ್ಡ ಮತ್ತೆ ಜರಿಯುವುದುಂಟು. 112ಕ್ಕೆ ಕರೆ ಮಾಡಿ ಎಷ್ಟು ಜನ, ಎಷ್ಟು ಹಿರಿಯರು, ಯಾವ ಕಿಲೋಮೀಟರ್ ಕಲ್ಲಿನ ಬಳಿ ಎಂದು ತಿಳಿಸಿ. ಹೆದ್ದಾರಿಯಾದರೆ 1033 ಕೂಡ ಇದೆ. ಎಲ್ಲರ ಮೊಬೈಲ್‌ಗಳನ್ನೂ ಒಟ್ಟಿಗೆ ಬಳಸಬೇಡಿ, ಎರಡನ್ನು ಬಿಟ್ಟು ಉಳಿದವನ್ನು ಆರಿಸಿಡಲು ಹೇಳಿ. ಶೌಚಕ್ಕೆ ಹೆಂಗಸರಿಗೆ ತೊಂದರೆಯಾಗುತ್ತದೆ. ಬಸ್ಸಿನಲ್ಲಿ ಎರಡು ದೊಡ್ಡ ಬೆಡ್‌ಶೀಟು ಮತ್ತು ಕೊಡೆಗಳಿದ್ದರೆ ಮರೆ ಮಾಡಿಕೊಡಬಹುದು. ಇದನ್ನು ಯಾವ ಪ್ರವಾಸದ ಪಟ್ಟಿಯಲ್ಲೂ ಬರೆದಿರುವುದಿಲ್ಲ, ನೀವು ಬರೆದುಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಹಿಂತಿರುಗಿದ ವಾರದಲ್ಲಿ

ಮೂರು ದಿನದೊಳಗೆ ಲೆಕ್ಕ ಕೊಡಿ: ಯಾವ ಹಣ ಉಳಿಯಿತು, ಯಾವುದು ಹೆಚ್ಚು ಖರ್ಚಾಯಿತು, ಯಾವ ಮುಂಗಡ ಮರಳಬೇಕಿದೆ. ತಪ್ಪಿಹೋದ ದರ್ಶನಗಳಿಗೆ ಹಣ ಹಿಂತಿರುಗಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಹೊರಡುವ ಮೊದಲು ಕೊಟ್ಟ ಚೀಟಿಯಲ್ಲೇ ಇದ್ದರೆ ಜಗಳಕ್ಕೆ ಎಡೆಯಿಲ್ಲ.

ಆಮೇಲೆ ದಾರಿಯ ಪುಸ್ತಕ ತೆರೆದು ಬರೆಯಿರಿ. ಯಾವ ದಿನ ಎಲ್ಲಿ ಎಷ್ಟು ಹೊತ್ತು ನಿಂತಿರಿ, ಯಾವ ಘಟ್ಟದಲ್ಲಿ ಯಾವ ವಾಹನ ತಡೆದರು, ಯಾರು ಕೊಟ್ಟ ಸುದ್ದಿ ನಿಜವಾಯಿತು, ಯಾವ ವಸತಿಗೃಹ ಮಾತು ಉಳಿಸಿಕೊಂಡಿತು. ಸುದ್ದಿ ಕೊಟ್ಟ ಲಾರಿ ಚಾಲಕರ ಸಂಖ್ಯೆಯನ್ನು ಹೆಸರು, ಊರು ಸಮೇತ ಉಳಿಸಿಕೊಳ್ಳಿ. ಸೇವೆ ಮುಂದೂಡಿದ ತಾಯಿಗೆ ಕರೆ ಮಾಡಿ, ಹೊಸ ದಿನಾಂಕಕ್ಕೆ ಕುಕ್ಕೆಯ ಬಸ್ಸೋ ರೈಲೋ ಯಾವುದು ಅನುಕೂಲವೆಂದು ಕೇಳಿ ಟಿಕೆಟ್ ಮಾಡಿಸಿಕೊಡಿ.